ಕಿತ್ತರೂ ಸಾಯದ ಕಳೆಗಳು: ತೆಗೆಯುವ ಬಗೆ, ತೆಗೆದದ್ದನ್ನು ಮುಗಿಸುವ ಬಗೆ



ತೋಟದ ಖರ್ಚಿನ ಪುಸ್ತಕ ತೆರೆದು ನೋಡಿದರೆ ಯಾವ ವರ್ಷವೂ ತಪ್ಪದೆ ಬರುವ ಬಾಬು ಎಂದರೆ ಕಳೆ ತೆಗೆಸಿದ ಕೂಲಿ. ಕೈ ಬಿಗಿಯಾದಾಗ ಗೊಬ್ಬರವನ್ನು ಒಂದು ವರ್ಷ ಕಡಿಮೆ ಮಾಡಿಯೇವು, ಮರಗಸಿಯನ್ನು ಮುಂದಿನ ವರ್ಷಕ್ಕೆ ದೂಡಿಯೇವು. ಕಳೆಯನ್ನು ಮಾತ್ರ ಹಾಗೆಯೇ ಬಿಡುವಂತಿಲ್ಲ. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರಾದ ನಮಗೆ ಈ ಬಾಬು ಇನ್ನಷ್ಟು ಭಾರ. ಆಳು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ, ಸಿಕ್ಕಿದ ಆಳಿನಿಂದ ವರ್ಷ ವರ್ಷವೂ ಅದೇ ಮೂಲೆಯ ಅದೇ ಕಳೆಯನ್ನು ತೆಗೆಸುತ್ತಿದ್ದೇವೆಂದರೆ, ಹಣ ಕೊಟ್ಟು ಕಳೆಯನ್ನು ಸಾಕುತ್ತಿದ್ದೇವೆ ಎಂದೇ ಹೇಳಬೇಕಾಗುತ್ತದೆ.

ಹೀಗೇಕಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಕಳೆಗಳಲ್ಲಿ ಎರಡು ಜಾತಿ. ಮೊದಲನೆಯದು ಒಂದೇ ಋತುವಿನಲ್ಲಿ ಹುಟ್ಟಿ, ಹೂವಾಗಿ, ಬೀಜ ಉದುರಿಸಿ ಸಾಯುವಂಥದು. ಕಾಂಗ್ರೆಸ್ ಗಿಡ ಈ ಜಾತಿಯದು. ಇದನ್ನು ಹೂ ಬರುವ ಮೊದಲು ಕಿತ್ತುಹಾಕಿದರೆ ಆ ಗಿಡದ ಕಥೆ ಅಲ್ಲಿಗೆ ಮುಗಿಯಿತು. ಎರಡನೆಯದು ಬಹುವಾರ್ಷಿಕ ಕಳೆ. ಇದರ ಜೀವ ಇರುವುದು ಮಣ್ಣಿನೊಳಗಿನ ಗಡ್ಡೆಯಲ್ಲಿ, ಬೇರುಕಾಂಡದಲ್ಲಿ, ಬುಡದ ಮೊಳಕೆಗಣ್ಣಿನಲ್ಲಿ, ಇಲ್ಲವೆ ಬಳ್ಳಿಯ ಗೆಣ್ಣಿನಲ್ಲಿ. ಮೇಲೆ ಕಾಣುವ ಹಸುರನ್ನು ಎಷ್ಟು ಸಲ ಸವರಿದರೂ ಒಳಗಿನ ಉಗ್ರಾಣ ತುಂಬಿರುವ ತನಕ ಅದು ಮತ್ತೆ ಚಿಗುರುತ್ತದೆ. ಅಷ್ಟೇ ಅಲ್ಲ, ಕಿತ್ತು ಎಸೆದ ತುಂಡೂ ಬಿದ್ದಲ್ಲಿ ಬೇರು ಬಿಡುತ್ತದೆ. ಆದ್ದರಿಂದ ಬಹುವಾರ್ಷಿಕ ಕಳೆಯ ವಿಷಯದಲ್ಲಿ ಕೀಳುವುದು ಅರ್ಧ ಕೆಲಸ. ಕಿತ್ತ ತುಂಡು ಸತ್ತಾಗಲೇ ಕೆಲಸ ಪೂರ್ತಿಯಾಯಿತೆಂದು ತಿಳಿಯಬೇಕು.

ಯಾವ ಕಳೆಯ ಜೀವ ಎಲ್ಲಿದೆ?

ಶತ್ರುವಿನ ಮನೆ ಎಲ್ಲಿದೆ ಎಂದು ತಿಳಿಯದೆ ಕತ್ತಿ ಹಿಡಿದು ಪ್ರಯೋಜನವಿಲ್ಲ. ನಮ್ಮ ಕಾಫಿ, ಅಡಿಕೆ ತೋಟಗಳಲ್ಲಿ ಹೆಚ್ಚಾಗಿ ಕಾಡುವ ಕಳೆಗಳನ್ನು ಒಂದೊಂದಾಗಿ ನೋಡೋಣ.

ತುಂಗೆ. ಕೊನ್ನಾರಿ, ಜೇಕು, ಭದ್ರಮುಷ್ಟಿ ಎಂಬ ಹೆಸರುಗಳೂ ಇದಕ್ಕಿವೆ. 1977ರಲ್ಲಿ ಪ್ರಕಟವಾದ, ಜಗತ್ತಿನ ಅತಿ ಕೆಟ್ಟ ಕಳೆಗಳನ್ನು ಕುರಿತ ಹೆಸರಾಂತ ಗ್ರಂಥವೊಂದರಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಈ ತುಂಗೆಗೇ. ಇದು ಬೀಜದಿಂದ ಹರಡುವುದು ತೀರ ಕಡಿಮೆ, ಬಹುಮಟ್ಟಿಗೆ ಗಡ್ಡೆಯಿಂದಲೇ. ಗಡ್ಡೆಗಳು ಜಪಮಾಲೆಯ ಮಣಿಗಳಂತೆ ದಾರಕ್ಕೆ ಪೋಣಿಸಿಕೊಂಡಿರುತ್ತವೆ. ಹೆಚ್ಚಿನವು ಮೇಲಿನ ಅರ್ಧ ಅಡಿ ಮಣ್ಣಿನಲ್ಲಿದ್ದರೂ ಕೆಲವು ಒಂದು ಅಡಿಗೂ ಕೆಳಗಿರುತ್ತವೆ. ಸರ ತುಂಡಾಗದಿದ್ದಾಗ ತುದಿಯ ಗಡ್ಡೆ ಚಿಗುರಿ ಉಳಿದವು ನಿದ್ರೆಯಲ್ಲಿರುತ್ತವೆ. ಗುದ್ದಲಿಯ ಪೆಟ್ಟಿಗೆ ಸರ ಹರಿಯಿತೆಂದರೆ ಮಲಗಿದ್ದ ಗಡ್ಡೆಗಳೂ ಎದ್ದು ಒಂದೊಂದಾಗಿ ಚಿಗುರುತ್ತವೆ. ಅಗೆದಷ್ಟೂ ತುಂಗೆ ಹೆಚ್ಚಾಯಿತು ಎಂದು ಹಿರಿಯರು ಹೇಳುತ್ತಿದ್ದುದರ ಗುಟ್ಟು ಇದು.

ಗರಿಕೆ. ಗಣಪತಿಯ ಪೂಜೆಗೆ ಬೇಕಾದ ಈ ಹುಲ್ಲು ತೋಟದೊಳಗೆ ಮಾತ್ರ ಬೇಡದ ನೆಂಟ. ನೆಲದ ಮೇಲೆ ಹಬ್ಬುವ ಕುಡಿ, ನೆಲದೊಳಗೆ ಹರಿಯುವ ಬೇರುಕಾಂಡ ಎರಡೂ ಇದಕ್ಕಿವೆ. ಪ್ರತಿ ಗೆಣ್ಣೂ ಒಂದು ಗಿಡವಾಗಬಲ್ಲದು. ಇದಕ್ಕೊಂದು ದೊಡ್ಡ ದೌರ್ಬಲ್ಯವಿದೆ: ನೆರಳನ್ನು ತಾಳಲಾರದು. ಹಾಗಾಗಿ ಇದು ನಿಲ್ಲುವುದು ತೋಟದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ, ಮರ ಸತ್ತು ಬಿಸಿಲು ಬಿದ್ದ ಖಾಲಿ ಜಾಗದಲ್ಲಿ.

ಕಮ್ಯುನಿಸ್ಟ್ ಗಿಡ ಅಥವಾ ಯುಪಟೋರಿಯಂ. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. ಜೀವವೆಲ್ಲ ನೆಲಮಟ್ಟದಲ್ಲಿರುವ ಬುಡದ ಗಂಟಿನಲ್ಲಿ. ಕತ್ತಿಯಿಂದ ಸವರಿದರೆ ಆ ಗಂಟಿನಿಂದ ಒಂದರ ಬದಲು ನಾಲ್ಕು ಕವಲು ಹೊರಡುತ್ತದೆ. ಬೀಜ ಹತ್ತಿಯ ಎಳೆಯಷ್ಟು ಹಗುರ. ಮಾಗಿಯ ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ.

ಲಂಟಾನ. ಬೇಲಿಗೆಂದು, ಚಂದದ ಹೂವೆಂದು ಹೊರಗಿನಿಂದ ತಂದ ಗಿಡವಿದು. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಇಂದು ಕೊಡಗಿನ ಬಾಣೆಯನ್ನೂ ಮಲೆನಾಡಿನ ಕಾಡಂಚನ್ನೂ ತುಂಬಿದೆ. ಹಣ್ಣು ತಿಂದ ಹಕ್ಕಿ ಎಲ್ಲಿ ಕೂತರೆ ಅಲ್ಲಿ ಬೀಜ ಬಿತ್ತುತ್ತದೆ. ಬುಡದಲ್ಲಿ, ಬೇರು ಮತ್ತು ಕಾಂಡ ಕೂಡುವ ಕಡೆ, ಚಿಗುರುವ ಭಾಗವಿದೆ. ಅದರ ಮೇಲೆ ಕಡಿದರೆ ಗಿಡ ಮತ್ತೆ ಪೊದೆಯಾಗುತ್ತದೆ.

ಮೈಕೇನಿಯ ಬಳ್ಳಿ. ಮಳೆಗಾಲದಲ್ಲಿ ಕಾಫಿ ಗಿಡದ ನೆತ್ತಿಯನ್ನೇ ಮುಚ್ಚಿಬಿಡುವ ಬಳ್ಳಿ. ಗೆಣ್ಣಿರುವ ಒಂದು ಚಿಕ್ಕ ತುಂಡು ಒದ್ದೆ ನೆಲ ಮುಟ್ಟಿದರೆ ಸಾಕು, ಬೇರು ಬಿಡುತ್ತದೆ. ಜೊತೆಗೆ ಗಾಳಿಯಲ್ಲಿ ಹಾರುವ ಬೀಜವೂ ಇದೆ.

ಹಿತ್ತಗಾಣಿ ಅಥವಾ ಕನ್ನೆಸೊಪ್ಪು. ನೀರು ನಿಲ್ಲುವ, ತಂಪಿರುವ ಕಡೆ ಇದರ ರಾಜ್ಯ. ಗೆಣ್ಣುಗಣ್ಣಿಗೂ ಬೇರು. ಇದಲ್ಲದೆ ಮಣ್ಣಿನೊಳಗೂ ಹೂವಾಗಿ ಬೀಜ ಕಟ್ಟುವ ವಿಚಿತ್ರ ಸ್ವಭಾವ ಇದರದು.

ಉಗ್ರಾಣ ಬರಿದುಮಾಡುವ ಕ್ರಮ

ಬಹುವಾರ್ಷಿಕ ಕಳೆ ಹೊಸದಾಗಿ ಚಿಗುರುವಾಗ ಒಳಗೆ ಕೂಡಿಟ್ಟ ಆಹಾರವನ್ನು ಖರ್ಚುಮಾಡುತ್ತದೆ. ಎಲೆಗಳು ಬಲಿತು ಬಿಸಿಲು ಹೀರತೊಡಗಿದ ಮೇಲೆ ಮತ್ತೆ ಕೂಡಿಡಲು ತೊಡಗುತ್ತದೆ. ಖರ್ಚು ಮುಗಿದು ಸಂಪಾದನೆ ಶುರುವಾಗುವ ಹೊತ್ತೇ ನಾವು ಪೆಟ್ಟು ಕೊಡಬೇಕಾದ ಹೊತ್ತು. ವರ್ಷಕ್ಕೆ ಎರಡು ಬಾರಿ ಇಡೀ ತೋಟ ಸವರುವ ಪದ್ಧತಿಯಲ್ಲಿ ಕಳೆಗೆ ಕೂಡಿಟ್ಟುಕೊಳ್ಳಲು ತಿಂಗಳುಗಟ್ಟಲೆ ಬಿಡುವು ಸಿಗುತ್ತದೆ. ಅದೇ ಆಳುಗಳನ್ನು ಚಿಕ್ಕ ಜಾಗದಲ್ಲಿ, ಹತ್ತಿರ ಹತ್ತಿರದ ಅವಧಿಯಲ್ಲಿ ಹಚ್ಚಿದರೆ ಕಳೆ ಸೋಲುತ್ತದೆ.

ತುಂಗೆಯನ್ನೇ ತೆಗೆದುಕೊಳ್ಳಿ. ಮೊಳಕೆ ಮೇಲೆ ಬಂದ ಮೂರರಿಂದ ಆರು ವಾರಗಳಲ್ಲಿ ಅದು ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ ಬಂದ ಮೊಳಕೆಯನ್ನೆಲ್ಲ ತೆಗೆಯುತ್ತ ಹೋದರೆ ಹಳೆಯ ಗಡ್ಡೆ ಖರ್ಚಾಗುತ್ತದೆ, ಹೊಸದು ಹುಟ್ಟುವುದಿಲ್ಲ. ಒಂದೊಂದು ಗಡ್ಡೆಗೂ ಹಲವು ಕಣ್ಣುಗಳಿರುವುದರಿಂದ ಇದು ಒಂದು ತಿಂಗಳ ಕೆಲಸವಲ್ಲ. ಎರಡು ಮಳೆಗಾಲವಾದರೂ ಬಿಡದೆ ಮಾಡಬೇಕು. ನಡುವೆ ಎರಡು ತಿಂಗಳು ಮರೆತರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಇಂಥ ಕೆಲಸವನ್ನು ಇಡೀ ತೋಟದಲ್ಲಿ ಒಟ್ಟಿಗೆ ಮಾಡಲು ಸಣ್ಣ ಬೆಳೆಗಾರನಿಂದ ಆಗದು, ಆಗಬೇಕಾಗಿಯೂ ಇಲ್ಲ. ಎಕರೆಗೆ 40 ಗುಂಟೆ. ಅದರಲ್ಲಿ ತುಂಗೆ, ಗರಿಕೆ ಬಿದ್ದಿರುವ ಜಾಗ ಎಷ್ಟು ಗುಂಟೆ ಎಂದು ಮೊದಲು ನಡೆದು ನೋಡಿ ಗೂಟ ಹೊಡೆದು ಗುರುತು ಮಾಡಬೇಕು. ಹೊಸದಾಗಿ ಬಂದ ಚಿಕ್ಕ ಮಚ್ಚೆಗಳನ್ನು ಮೊದಲು ಮುಗಿಸಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕೆ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಆಮೇಲೆ ಇಳಿಜಾರಿನ ಮೇಲ್ಭಾಗದಿಂದ ಕೆಳಕ್ಕೆ ಬರಬೇಕು. ಮಳೆಯ ನೀರು ಗಡ್ಡೆಯನ್ನೂ ಬಳ್ಳಿಯ ತುಂಡನ್ನೂ ಮೇಲಿನಿಂದ ಕೆಳಕ್ಕೆ ತರುವುದರಿಂದ ಕೆಳಗೆ ಶುರುಮಾಡಿದರೆ ಶುಚಿ ಮಾಡಿದ ಜಾಗ ಮತ್ತೆ ಕೆಡುತ್ತದೆ. ಹಳೆಯ, ದಟ್ಟವಾದ ಮಚ್ಚೆಗಳನ್ನು ಎರಡೆರಡು ಗುಂಟೆಯಂತೆ ಕೊನೆಗೆ ಹಿಡಿಯಬೇಕು.

ಯಂತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಕಳೆ ಕತ್ತರಿಸುವ ಯಂತ್ರ ಈಗ ಬಹಳ ಮನೆಗಳಲ್ಲಿದೆ. ಹುಲ್ಲು ಸವರಲು ಅದು ಉಪಕಾರಿ. ಆದರೆ ಮೈಕೇನಿಯ, ಹಿತ್ತಗಾಣಿ ಇರುವಲ್ಲಿ ಮಳೆಗಾಲದಲ್ಲಿ ಅದನ್ನು ಓಡಿಸಿದರೆ ಒಂದು ಬಳ್ಳಿ ನೂರು ತುಂಡಾಗಿ ಒದ್ದೆ ನೆಲಕ್ಕೆ ಬಿತ್ತಿದಂತಾಗುತ್ತದೆ. ನೆಲ ಕೊರೆಯುವ ಟಿಲ್ಲರನ್ನು ತುಂಗೆಯ ಜಾಗಕ್ಕೆ ಬಿಟ್ಟರೂ ಫಲ ಅದೇ. ಎಳೆಯ ಕಾಫಿ ಸಸಿಯ ಬುಡದ ತೊಗಟೆಗೆ ಯಂತ್ರದ ದಾರ ತಗುಲಿ ಗಾಯವಾಗದಂತೆಯೂ ನೋಡಿಕೊಳ್ಳಬೇಕು.

ತಿಂಗಳುವಾರು ಕೆಲಸ

ಜೂನ್‌ನಿಂದ ಆಗಸ್ಟ್‌ವರೆಗೆ ಇಳಿಜಾರಿನಲ್ಲಿ ಗುದ್ದಲಿ ಹಾಕಲೇಬಾರದು. ಆ ಮಳೆಗೆ ಬೋಳು ನೆಲದ ಮೇಲ್ಮಣ್ಣು ಹಳ್ಳದ ಪಾಲಾಗುತ್ತದೆ. ಕಳೆ ಕಿತ್ತ ಸಂತೋಷಕ್ಕೆ ಮಣ್ಣು ಕಳೆದುಕೊಂಡರೆ ಲಾಭವೇನು? ಈ ತಿಂಗಳುಗಳಲ್ಲಿ ನೆಲ ಮೆತ್ತಗಿರುವುದರಿಂದ ಕಮ್ಯುನಿಸ್ಟ್ ಗಿಡ ಮತ್ತು ಎಳೆಯ ಲಂಟಾನವನ್ನು ಬುಡದ ಗಂಟಿನ ಸಮೇತ ಕೈಯಲ್ಲೇ ಕೀಳಬಹುದು. ಕಾಫಿ ಗಿಡಕ್ಕೆ ಹತ್ತಿದ ಮೈಕೇನಿಯವನ್ನು ಬುಡ ಹುಡುಕಿ ಬೇರು ಸಹಿತ ಕಿತ್ತು ಗೋಣಿಯಲ್ಲಿ ತುಂಬಿ ಹೊರಗೆ ತರಬೇಕು. ಉಳಿದ ಹುಲ್ಲುಗಳನ್ನು ಕತ್ತಿಯಿಂದ ಸವರಿದರೆ ಸಾಕು. ಬೇರು ಮಣ್ಣನ್ನು ಹಿಡಿದಿರಲಿ.

ಸೆಪ್ಟೆಂಬರ್, ಅಕ್ಟೋಬರ್ ಬಹಳ ಬೆಲೆಯುಳ್ಳ ತಿಂಗಳುಗಳು. ಮಳೆ ಇಳಿಮುಖವಾಗಿರುತ್ತದೆ, ನೆಲ ಇನ್ನೂ ಹಸಿಯಾಗಿರುತ್ತದೆ, ಕಮ್ಯುನಿಸ್ಟ್ ಗಿಡ ಇನ್ನೂ ಹೂ ಬಿಟ್ಟಿರುವುದಿಲ್ಲ. ನವೆಂಬರ್ ಕಳೆದು ಅದು ಹೂವಾಗಿ, ಬೇಸಿಗೆ ತಲೆ ಹಾಕುವ ವೇಳೆಗೆ ಬೀಜ ಹಾರತೊಡಗುತ್ತದೆ. ಆಗ ನಾವೆಲ್ಲ ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿರುತ್ತೇವೆ, ಕಳೆಯ ಕಡೆ ತಿರುಗಿ ನೋಡಲು ಪುರಸೊತ್ತಿರುವುದಿಲ್ಲ. ಆದುದರಿಂದ ಕೊಯ್ಲಿಗೆ ಮುಂಚಿನ ಈ ಎರಡು ತಿಂಗಳಲ್ಲಿ ಬೀಜದ ಕಳೆಗಳನ್ನು ಮುಗಿಸಿಬಿಡಬೇಕು.

ದೊಡ್ಡ ಲಂಟಾನ ಪೊದೆಗೆ ದೆಹಲಿಯ ಸಸ್ಯವಿಜ್ಞಾನಿ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಸುಲಭ ಕ್ರಮವೊಂದಿದೆ. ಬುಡದ ಮಣ್ಣು ಸ್ವಲ್ಪ ಬಿಡಿಸಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಚಿಗುರುವ ಭಾಗಕ್ಕಿಂತ ಕೆಳಗೆ, ತಾಯಿಬೇರನ್ನು ಕಡಿಯುವುದು. ಪೊದೆಯನ್ನು ಎತ್ತಿ ಬುಡ ಮೇಲಾಗಿ ಮಗುಚಿ ಇಡುವುದು. ಇಡೀ ಬೇರನ್ನು ಅಗೆದು ತೆಗೆಯುವ ಶ್ರಮ ಬೇಕಿಲ್ಲ, ಮಣ್ಣೂ ಹೆಚ್ಚು ಸಡಿಲವಾಗುವುದಿಲ್ಲ. ಹೂ, ಹಣ್ಣು ಇಲ್ಲದ ಹೊತ್ತಿನಲ್ಲಿ ಮಾಡಿದರೆ ಉತ್ತಮ. ಮುಂದಿನ ಒಂದೆರಡು ವರ್ಷ ಅದೇ ಜಾಗದಲ್ಲಿ ಏಳುವ ಬೀಜದ ಸಸಿಗಳನ್ನು ಕೀಳುತ್ತಿರಬೇಕು.

ಮಾರ್ಚ್‌ನಿಂದ ಮೇವರೆಗಿನ ಬಿಸಿಲು ತುಂಗೆ, ಗರಿಕೆಗಳ ಯಮ. ತೋಟದ ಖಾಲಿ ಜಾಗ, ಅಂಚು, ಹೊಸದಾಗಿ ಸಸಿ ಹಾಕಬೇಕೆಂದಿರುವ ಜಾಗ ಇಂಥ ಕಡೆಗಳಲ್ಲಿ ಒಂದು ಅಡಿ ಆಳಕ್ಕೆ ಹಾರೆ ಅಥವಾ ಮುಳ್ಳುಗುದ್ದಲಿಯಿಂದ ಮಣ್ಣೆಬ್ಬಿಸಿ, ಹೆಂಟೆ ಒಡೆದು, ಗಡ್ಡೆ ಮತ್ತು ಬೇರುಕಾಂಡಗಳನ್ನು ಆಯ್ದು ತೆಗೆಯಬೇಕು. ಅಲಗು ಗುದ್ದಲಿ ಸರವನ್ನು ತುಂಡರಿಸುತ್ತದೆ, ಮುಳ್ಳಿನದು ಎತ್ತಿ ಕೊಡುತ್ತದೆ. ನೀರು ಹಾಯಿಸುವ ತೋಟವಾದರೆ ಆ ಜಾಗಕ್ಕೆ ಆ ದಿನಗಳಲ್ಲಿ ನೀರು ತಾಗದಂತೆ ನೋಡಿಕೊಳ್ಳಬೇಕು. ಆದರೆ ಫಸಲಿನ ಗಿಡಗಳ ಬುಡದಲ್ಲಿ ಈ ಅಗೆತ ಬೇಡ. ಕಾಫಿಯ ಆಹಾರ ಹೀರುವ ಬೇರುಗಳು ಮೇಲಿನ ಒಂದು ಅಡಿಯೊಳಗೇ ಇರುತ್ತವೆ. ಅಡಿಕೆಯ ಬೇರಿನ ಹೆಚ್ಚಿನ ಪಾಲು ಬುಡದಿಂದ ಒಂದು ಮೀಟರಿನೊಳಗೆ. ಅಲ್ಲಿ ಮೊಳಕೆ ಕೀಳುವುದು ಮತ್ತು ದಪ್ಪ ಹೊದಿಕೆ, ಇವೆರಡೇ ಸರಿಯಾದ ದಾರಿ.

ಕಿತ್ತದ್ದನ್ನು ಏನು ಮಾಡಬೇಕು?

ಎಲ್ಲ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲಿ. ಕಿತ್ತ ಕಳೆಯನ್ನು ಬೇಲಿಯ ಮೇಲೆ ಎಸೆಯುವುದು, ರಸ್ತೆ ಬದಿಗೆ ಸುರಿಯುವುದು, ಹಳ್ಳಕ್ಕೆ ಬಿಡುವುದು, ತೊಟ್ಟಿಲು ಗುಂಡಿಗೆ ತುಂಬುವುದು, ಗೊಬ್ಬರದ ಗುಂಡಿಯ ಅಂಚಿಗೆ ಹಾಕುವುದು ನಮ್ಮಲ್ಲಿ ನಡೆದುಬಂದ ರೂಢಿ. ತೊಟ್ಟಿಲು ಗುಂಡಿ ನೀರು ಇಂಗಿಸಲು, ದರಗು ಕೊಳೆಸಲು ತೋಡಿದ್ದು. ಜೀವವಿರುವ ತುಂಗೆ ಹಾಕಿದರೆ ಅದು ತುಂಗೆಯ ನರ್ಸರಿಯಾಗುತ್ತದೆ. ಹಳ್ಳಕ್ಕೆ ಬಿಟ್ಟ ಮೈಕೇನಿಯ ಕೆಳಗಿನವರ ತೋಟದಲ್ಲಿ ದಡ ಹತ್ತುತ್ತದೆ. ಯಾವ ಕಳೆಗೆ ಯಾವ ಗತಿ ಕಾಣಿಸಬೇಕು ಎಂಬುದನ್ನು ತಿಳಿದು ಮಾಡಬೇಕು.

1. ಗಡ್ಡೆ ಮತ್ತು ಬೇರುಕಾಂಡ. ಇವಕ್ಕೆ ಒಣಗಿಸುವುದೇ ಮದ್ದು. ಮಣ್ಣು ಕೊಡವಿ ಬಿಸಿಲು ಬೀಳುವ ಬಂಡೆಯ ಮೇಲೋ, ತಗಡಿನ ಮೇಲೋ ತೆಳ್ಳಗೆ ಹರಡಬೇಕು. ರಾಶಿ ಹಾಕಿದರೆ ಒಳಗಿನವು ಹಸಿಯಾಗಿಯೇ ಉಳಿಯುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಒಂದು ವಾರ ಹತ್ತು ದಿನ, ದಿನಕ್ಕೊಮ್ಮೆ ಮಗುಚುತ್ತ ಒಣಗಿಸಿದರೆ ಗಡ್ಡೆ ಸುಕ್ಕಿ ಗಟ್ಟಿಯಾಗುತ್ತದೆ. ಕಾಫಿ, ಅಡಿಕೆ ಒಣಗಿಸುವ ಕಣದಲ್ಲಿ ಮಾತ್ರ ಇದನ್ನು ಹರಡಬಾರದು. ಕಣ ಗುಡಿಸಿದ ಕಸದ ಜೊತೆ ಗಡ್ಡೆ ಮತ್ತೆ ತೋಟಕ್ಕೇ ಹೋದೀತು. ಒಣಗಿದ್ದನ್ನು ಬಚ್ಚಲ ಒಲೆಗೆ ಹಾಕಿ, ಬೂದಿಯನ್ನು ಗೊಬ್ಬರಕ್ಕೆ ಬಳಸಿದರೆ ಏನೂ ನಷ್ಟವಿಲ್ಲ.

ಸತ್ತಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಸುಲಭ ಪರೀಕ್ಷೆಯೊಂದಿದೆ. ರಾಶಿಯ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಗಡ್ಡೆ ಆರಿಸಿ ಒದ್ದೆ ಮರಳಿನ ಕುಂಡದಲ್ಲಿ ಹೂತು ಒಂದು ತಿಂಗಳು ನೀರುಣಿಸಿ. ಒಂದೇ ಒಂದು ಮೊಳಕೆ ಬಂದರೂ ಇನ್ನಷ್ಟು ಒಣಗಿಸಬೇಕೆಂದು ತಿಳಿಯಿರಿ.

ತುಂಗೆಯನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುವ ಯೋಚನೆ ಬೇಡ. ಅದರ ಗಡ್ಡೆ ತಿಂಗಳುಗಟ್ಟಲೆ ನೀರಿನಲ್ಲಿದ್ದೂ ಬದುಕಬಲ್ಲದು. ಹಸಿಯಾಗಿ ಹೂಳುವುದೂ ಬೇಡ. ಒಂದು ಅಡಿ ಆಳದಿಂದಲೂ ಅದು ಮೊಳಕೆಯನ್ನು ಮೇಲೆ ಕಳಿಸುತ್ತದೆ.

2. ಬಳ್ಳಿ ಮತ್ತು ಮೆದುಕಾಂಡದ ಕಳೆ. ಮೈಕೇನಿಯ, ಹಿತ್ತಗಾಣಿಗಳನ್ನು ಬಿಸಿಲಿದ್ದರೆ ಬಂಡೆಯ ಮೇಲೆ ಒಣಗಿಸಬಹುದು. ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ. ಆಗ ಗೋಣಿಚೀಲದಲ್ಲಿ ತುಂಬಿ, ಕಲ್ಲು ಕಟ್ಟಿ, ಡ್ರಮ್ಮಿನ ಇಲ್ಲವೆ ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಪೂರ್ತಿ ಮುಳುಗಿಸಿ ಆರೆಂಟು ವಾರ ಬಿಡಬೇಕು. ಕೊಳೆತು ಕೆಸರಾದ ಮೇಲೆ ನೀರನ್ನು ತೆಳ್ಳಗೆ ಮಾಡಿ ಗಿಡಗಳಿಗೆ ಹಾಕಬಹುದು. ವಾಸನೆ ಬರುವುದರಿಂದ ಮನೆಯಿಂದ ದೂರವಿರಲಿ, ಸೊಳ್ಳೆ ಮೊಟ್ಟೆಯಿಡದಂತೆ ತೊಟ್ಟಿಗೆ ಬಿಗಿಯಾದ ಮುಚ್ಚಳವಿರಲಿ, ಬಾವಿಯ ಹತ್ತಿರ ಬೇಡ.

3. ಹೂವಾಗದ ಸೊಪ್ಪಿನ ಕಳೆ. ಕಮ್ಯುನಿಸ್ಟ್ ಗಿಡವನ್ನು ಹೂ ಬರುವ ಮೊದಲು ಕಡಿದು ಅಡಿಕೆ ಬುಡಕ್ಕೆ ಹಸುರು ಸೊಪ್ಪಾಗಿ ಹಾಕುವ ಪದ್ಧತಿ ದಕ್ಷಿಣ ಕನ್ನಡದಲ್ಲಿ ಬಹಳ ಕಾಲದಿಂದ ಇದೆ, ಒಳ್ಳೆಯದೂ ಹೌದು. ಬುಡದ ಗಂಟನ್ನು ಮಾತ್ರ ಬೇರ್ಪಡಿಸಿ ಒಣಗಿಸಬೇಕು. ಹೂ ಬಂದ ಗಿಡವನ್ನು ಸೊಪ್ಪಿಗೆ ಬಳಸಿದರೆ ತೋಟಕ್ಕೆ ನಾವೇ ಬೀಜ ಬಿತ್ತಿದಂತೆ. ಸೊಪ್ಪಿನ ಬೆಟ್ಟದಿಂದ, ಕುಮ್ಕಿಯಿಂದ, ಬಾಣೆಯಿಂದ ಸೊಪ್ಪು ತರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

4. ಬೀಜ ಕಟ್ಟಿದ ಕಳೆ. ಇದನ್ನು ಗೊಬ್ಬರ ಮಾಡಬೇಕಾದರೆ ರಾಶಿ ಚೆನ್ನಾಗಿ ಕಾಯಬೇಕು. ಸೆಗಣಿ, ಹಸುರು, ಒಣ ದರಗು ಸೇರಿಸಿ ನಾಲ್ಕು ಅಡಿ ಎತ್ತರಕ್ಕೆ ಒಟ್ಟಿದ ರಾಶಿಯ ನಡುವೆ 55ರಿಂದ 60 ಡಿಗ್ರಿ ಸೆಂಟಿಗ್ರೇಡ್ ಶಾಖ ಹುಟ್ಟುತ್ತದೆ. ಅದು ಕೆಲವು ದಿನ ನಿಂತರೆ ಹೆಚ್ಚಿನ ಬೀಜಗಳು ಸಾಯುತ್ತವೆ. ಅಂಚಿನಲ್ಲಿ ಆ ಶಾಖವಿರುವುದಿಲ್ಲ. ಆದ್ದರಿಂದ ವಾರ ಹತ್ತು ದಿನಕ್ಕೊಮ್ಮೆ, ಮೂರು ಬಾರಿಯಾದರೂ ಹೊರಗಿನದು ಒಳಗೆ ಬರುವಂತೆ ಮಗುಚಬೇಕು. ಕಬ್ಬಿಣದ ಸರಳೊಂದನ್ನು ರಾಶಿಯ ನಡುವಿಗೆ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಮುಷ್ಟಿಯಲ್ಲಿ ಹಿಡಿಯಲಾರದಷ್ಟು ಬಿಸಿಯಿದ್ದರೆ ರಾಶಿ ಕಾದಿದೆ. ಹಾಗೆ ಕಾಯದ ತಣ್ಣನೆಯ ಗುಂಡಿಗೆ ಬೀಜದ ಕಳೆ, ತುಂಗೆ, ಗರಿಕೆ ಯಾವುದನ್ನೂ ಹಾಕಬಾರದು.

5. ಲಂಟಾನ. ಇದರ ಸೊಪ್ಪು ದನಗಳಿಗೆ ವಿಷ. ಮೇವಿಲ್ಲದ ಕಾಲದಲ್ಲಿ ತಿಂದ ಜಾನುವಾರಿಗೆ ಕಾಮಾಲೆಯಾಗಿ, ಬಿಸಿಲು ತಾಗಿದ ಚರ್ಮ ಸುಲಿಯುತ್ತದೆ. ಕಡಿದ ರಾಶಿಯ ಹತ್ತಿರ ದನ ಬಿಡಬಾರದು. ಬಲಿತ ಕಾಂಡ ಒಳ್ಳೆಯ ಸೌದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಾಂಡವನ್ನು ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದ ಸಾಮಾನಿನಂತೆ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಿರುವುದು ನೋಡತಕ್ಕ ಸಂಗತಿ.

ತೋಟದೊಳಗೆ ಬೆಂಕಿ ಹಾಕಿ ಕಳೆ ಸುಡುವುದನ್ನು ಯಾರೂ ಮಾಡಬಾರದು. ಕಮ್ಯುನಿಸ್ಟ್ ಗಿಡ ಹಸಿಯಾಗಿದ್ದರೂ ಹೊತ್ತಿಕೊಳ್ಳುತ್ತದೆ. ಬೇಸಿಗೆಯ ದರಗಿನಲ್ಲಿ ಹತ್ತಿದ ಬೆಂಕಿ ನಮ್ಮ ಬೇಲಿಯಲ್ಲಿ ನಿಲ್ಲುವುದಿಲ್ಲ.

ಕಳೆನಾಶಕದ ಮಾತು

ಇಷ್ಟೆಲ್ಲ ತಾಪತ್ರಯ ಏಕೆ, ಒಂದು ಡಬ್ಬಿ ಔಷಧಿ ಹೊಡೆದರೆ ಆಗದೆ ಎಂದು ಕೇಳುವವರಿದ್ದಾರೆ. ಉತ್ತರವನ್ನು ನೇರವಾಗಿಯೇ ಹೇಳಬೇಕು. 1974ರಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿಯುವಂಥದು. ಆದ್ದರಿಂದಲೇ ಬಹುವಾರ್ಷಿಕ ಕಳೆಗೆ ಅದು ಹೆಸರಾಯಿತು. ಆದರೂ ನಿದ್ರೆಯಲ್ಲಿರುವ ತುಂಗೆ ಗಡ್ಡೆಗೆ ಅದು ಸರಿಯಾಗಿ ತಲುಪುವುದಿಲ್ಲ, ಹಿತ್ತಗಾಣಿಯನ್ನು ಸುಲಭವಾಗಿ ಸೋಲಿಸಲಾರದು. ಉಳಿದ ಕಳೆ ಸತ್ತು ಹಿತ್ತಗಾಣಿಗೆ ಜಾಗ ತೆರವಾಗುತ್ತದೆ.

ಕಾನೂನಿನ ವಿಷಯವೂ ಇದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟ್‌ಗೆ ಅನುಮತಿ ದೊರೆತದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಕೀಟ ನಿಯಂತ್ರಣದ ಪರವಾನಗಿ ಪಡೆದವರ ಮೂಲಕವಲ್ಲದೆ ಬೇರೆ ಯಾರೂ ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಕೊಳ್ಳುವ ಮೊದಲು ಸದ್ಯದ ನಿಯಮವೇನೆಂದು ಕೃಷಿ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು. ಆರೋಗ್ಯದ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು; ಯೂರೋಪು, ಅಮೆರಿಕದ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಿಲ್ಲ. ಆದರೆ ಅದೇ ಯೂರೋಪು ಕಾಫಿ ಬೀಜದಲ್ಲಿ ಇದರ ಶೇಷಕ್ಕೆ ಕಿಲೋಗ್ರಾಂಗೆ 0.1 ಮಿಲಿಗ್ರಾಂ ಎಂಬ ಬಿಗಿ ಮಿತಿಯನ್ನಿಟ್ಟಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಅಲ್ಲಿಯವರು. ಔಷಧಿ ಬಿದ್ದ ನೆಲದಿಂದ ಆಯ್ದ ಉದುರು ಕಾಫಿಯನ್ನು ಬೆರೆಸಿದರೆ ಇಡೀ ಸರಕಿಗೆ ಕುತ್ತು ಬಂದೀತು.

ಇನ್ನು ಪ್ಯಾರಾಕ್ವಾಟ್. ಅದು ತಾಗಿದ ಎಲೆಯನ್ನಷ್ಟೇ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಬಹುವಾರ್ಷಿಕ ಕಳೆಗೆ ಅದು ರಾಸಾಯನಿಕ ಕತ್ತಿಯಿದ್ದಂತೆ: ಸವರುತ್ತದೆ, ಕೊಲ್ಲುವುದಿಲ್ಲ. ಆದರೆ ಮನುಷ್ಯನನ್ನು ಕೊಲ್ಲುತ್ತದೆ. ಒಂದು ಗುಟುಕು ಒಳಗೆ ಹೋದರೂ ಅದಕ್ಕೆ ನಿಶ್ಚಿತವಾದ ಮಾರುಮದ್ದು ವೈದ್ಯರಲ್ಲಿಲ್ಲ. ಮಕ್ಕಳಿರುವ ಮನೆಯಲ್ಲಿ, ಆಳುಗಳು ನೀರು ಕುಡಿಯುವ ಜಾಗದಲ್ಲಿ, ಬೇರೆ ಬಾಟಲಿಗೆ ಸುರಿದಿಟ್ಟ ಇಂಥ ವಿಷ ಇರಲೇಕೂಡದು. ಕಳೆಯಿಂದ ಆಗುವ ನಷ್ಟ ಎಷ್ಟೇ ಇರಲಿ, ಒಂದು ಜೀವದ ಬೆಲೆ ಅದಕ್ಕಿಲ್ಲ.

ನೆರಳು ಮತ್ತು ಹೊದಿಕೆ

ತುಂಗೆ, ಗರಿಕೆ ಎರಡೂ ಬಿಸಿಲಿನ ಮಕ್ಕಳು. ಹದವಾದ ನೆರಳಿರುವ ಕಾಫಿ ತೋಟದಲ್ಲಿ, ತುಂಬಿ ನಿಂತ ಅಡಿಕೆ ತೋಟದಲ್ಲಿ ಅವು ಸೊರಗುತ್ತವೆ. ಮರಗಸಿಯಲ್ಲಿ ಒಮ್ಮೆಗೇ ನೆರಳು ಬೋಳಿಸಿದ ವರ್ಷವೇ ಕಳೆ ಹೆಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಸತ್ತ ಗಿಡದ ಜಾಗವನ್ನು ಖಾಲಿ ಬಿಡದೆ ಸಕಾಲದಲ್ಲಿ ಸಸಿ ಹಾಕುವುದೂ ಕಳೆ ನಿವಾರಣೆಯ ಒಂದು ಭಾಗವೇ.

ಎಳೆಯ ತೋಟದಲ್ಲಿ ನೆರಳಿಗೆ ಕಾಯುವಂತಿಲ್ಲ. ಅಲ್ಲಿ ಹೊದಿಕೆ ಬೇಕು. ಸೋಗೆ, ಹಾಳೆ, ಅಡಿಕೆ ಸಿಪ್ಪೆ, ದರಗು ಇವನ್ನು ನೆಲ ಕಾಣದಷ್ಟು ದಪ್ಪವಾಗಿ ಹರಡಿದರೆ ಬೀಜದ ಕಳೆ ಏಳುವುದಿಲ್ಲ. ತುಂಗೆಯ ಮೊನೆ ಹೊದಿಕೆಯನ್ನು, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಕೂಡ ತೂತು ಮಾಡಿ ಮೇಲೆ ಬರುತ್ತದೆ. ಆದರೆ ಹೊದಿಕೆಯ ಕೆಳಗಿನ ಮಣ್ಣು ಸಡಿಲವಾಗಿರುವುದರಿಂದ ಕೀಳುವುದು ಸುಲಭವಾಗುತ್ತದೆ. ಅಡಿಕೆ ತೋಟದ ನಡುವಣ ಜಾಗಕ್ಕೆ ಪ್ಯುರೇರಿಯ, ಕ್ಯಾಲಪೊಗೋನಿಯಂನಂಥ ದ್ವಿದಳ ಹೊದಿಕೆ ಬೆಳೆಗಳು, ಹೊಸ ಕಾಫಿ ತೋಟದ ಸಾಲುಗಳ ನಡುವೆ ಹುರುಳಿ, ಅಲಸಂದೆ ಉಪಯುಕ್ತ. ಬಳ್ಳಿ ಸಸಿಗೆ ಹತ್ತದಂತೆ ಬುಡದ ಸುತ್ತ ಬಿಡಿಸುತ್ತಿರಬೇಕು.

ಕಳೆ ಒಳಗೆ ಬರುವ ದಾರಿ

ತೋಟಕ್ಕೆ ತುಂಗೆ ತಾನಾಗಿ ನಡೆದು ಬರುವುದಿಲ್ಲ. ನಾವೇ ಹೊತ್ತು ತರುತ್ತೇವೆ. ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕುವಾಗ ಆ ಮಣ್ಣು ತೆಗೆದ ಜಾಗದಲ್ಲಿ ತುಂಗೆ ಇದೆಯೇ ಎಂದು ನೋಡಬೇಕು. ನರ್ಸರಿಯಿಂದ ಸಸಿ ತರುವಾಗ ಪಾಲಿಥಿನ್ ಚೀಲದ ಮೇಲ್ಮಣ್ಣಿನಲ್ಲಿ ಹುಲ್ಲಿನ ಮೊನೆ ಕಂಡರೆ, ಆ ಸಸಿಯನ್ನು ಬೇಡವೆನ್ನಬೇಕು, ಇಲ್ಲವೆ ನೆಡುವ ಮೊದಲು ಗಡ್ಡೆ ಹುಡುಕಿ ತೆಗೆಯಬೇಕು. ಬಯಲುಸೀಮೆಯಿಂದ ಲಾರಿಯಲ್ಲಿ ತರಿಸಿದ ಕೊಟ್ಟಿಗೆ ಗೊಬ್ಬರವನ್ನು ನೇರವಾಗಿ ಬುಡಕ್ಕೆ ಹಾಕದೆ ಒಂದು ಮಳೆಗಾಲ ಒಟ್ಟಿಟ್ಟು, ಏನು ಮೊಳೆಯುತ್ತದೆ ನೋಡಿ ಬಳಸಬೇಕು. ಮಣ್ಣು ತೋಡುವ ಯಂತ್ರ ಇನ್ನೊಬ್ಬರ ತೋಟದಿಂದ ನಮ್ಮ ತೋಟಕ್ಕೆ ಬರುವಾಗ ಅದರ ಚಕ್ರ, ಹಲ್ಲುಗಳ ಮಣ್ಣನ್ನು ಗೇಟಿನ ಹೊರಗೇ ಕೊಡವಿಸಬೇಕು. ಇವುಗಳಿಗೆ ಖರ್ಚಿಲ್ಲ, ಬೇಕಾದದ್ದು ಗಮನ ಮಾತ್ರ.

ಬೇಲಿಯ ಆಚೆ ಈಚೆ

ಕೊನೆಯದಾಗಿ ಒಂದು ಮಾತು. ಕಳೆಗೆ ಸರ್ವೆ ನಂಬರು ಗೊತ್ತಿಲ್ಲ. ನಮ್ಮ ತೋಟದ ಕಮ್ಯುನಿಸ್ಟ್ ಗಿಡದ ಬೀಜ ನೆರೆಯವರ ತೋಟಕ್ಕೆ, ಅವರ ಬೇಲಿಯ ಲಂಟಾನದ ಬೀಜ ನಮ್ಮ ತೋಟಕ್ಕೆ ಬರುವುದನ್ನು ಯಾವ ಬೇಲಿಯೂ ತಡೆಯದು. ಇದೇ ಕಾರಣಕ್ಕೆ ನೆರೆಹೊರೆಯಲ್ಲಿ ಮನಸ್ತಾಪಗಳೂ ಆಗಿವೆ. ಅದರ ಬದಲು ಒಂದೇ ಹಳ್ಳದ ಪಾತ್ರದಲ್ಲಿರುವ ನಾಲ್ಕಾರು ಮನೆಯವರು ಅಕ್ಟೋಬರಿನಲ್ಲಿ ಎರಡು ದಿನ ಕೂಡಿಕೊಂಡು, ಹಿಂದೆ ಮುಯ್ಯಾಳು ಮಾಡುತ್ತಿದ್ದಂತೆ, ಬೇಲಿಸಾಲು, ಹಳ್ಳದ ದಡ, ರಸ್ತೆಯ ಅಂಚು ಇವನ್ನು ಒಟ್ಟಿಗೆ ಶುಚಿ ಮಾಡಬಹುದು. ಯಾರ ಪಾಲಿಗೂ ಸೇರದ ಈ ಜಾಗಗಳೇ ಕಳೆಯ ತವರು. ಒಣಗಿಸಲು ಬಿಸಿಲಿನ ಬಂಡೆ ಒಬ್ಬರಲ್ಲಿದ್ದರೆ ಮುಳುಗಿಸುವ ತೊಟ್ಟಿ ಇನ್ನೊಬ್ಬರಲ್ಲಿರುತ್ತದೆ. ಸಹಕಾರವೆಂದರೆ ಒಟ್ಟಾಗಿ ಮಾರುವುದಷ್ಟೇ ಅಲ್ಲವಲ್ಲ.

ಈ ವರ್ಷ ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದಲ್ಲಿ ತುಂಗೆ ಅಥವಾ ಗರಿಕೆಯ ಒಂದು ಚಿಕ್ಕ ಮಚ್ಚೆಯನ್ನು, ಒಂದೇ ಗುಂಟೆಯಾದರೂ ಸರಿ, ಗುರುತು ಮಾಡಿ ಹಿಡಿಯಲಿ. ಎರಡು ವಾರಕ್ಕೊಮ್ಮೆ ಕಿತ್ತು, ಕಿತ್ತದ್ದನ್ನು ಲೆಕ್ಕವಿಟ್ಟು ಒಣಗಿಸಲಿ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ಒಂದು ಗುಂಟೆಗೆ ಕೊಡುತ್ತಿದ್ದ ಕೂಲಿ ಎಷ್ಟು ಇಳಿಯಿತು ಎಂಬುದನ್ನು ಖರ್ಚಿನ ಪುಸ್ತಕವೇ ಹೇಳುತ್ತದೆ.